ಒಂಬತ್ತು ಗಂಟೆಯೊಳಗಿನ ದಿಲ್ಲಿ

ಬೆಳಗಿನ ಆರೂವರೆಗೆ ಚಾಂದನಿ ಚೌಕ ಬಿಕೋ ಎನ್ನುತ್ತಿರುತ್ತದೆ ಎಂದರೆ ನಂಬುತ್ತೀರಾ? ದಿಲ್ಲಿಗೆ ಬಂದ ಕನ್ನಡಿಗರೆಲ್ಲ ಒಮ್ಮೆಯಾದರೂ ನುಗ್ಗಿ, ಬೆವರಿ, ಪರ್ಸು ಹಿಡಿದುಕೊಂಡು ಹೊರಬಿದ್ದಿರುವ ಅದೇ ಬೀದಿ! ಆ ಹೊತ್ತಿನಲ್ಲಿ ಅಲ್ಲಿ ಕಸ ಗುಡಿಸುವ ಒಂದಿಬ್ಬರು, ಕಾಳಿಗೆ ಇಳಿದ ಪಾರಿವಾಳಗಳು, ಅಂಗಡಿಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಮಲಗಿದ ಕೂಲಿಗಳು, ಕೆಂಪುಕೋಟೆಯ ಹಿಂದಿನಿಂದ ಮೇಲೇರುತ್ತಿರುವ ಸೂರ್ಯ, ಅಷ್ಟೇ. ಬೀದಿ ಈ ತುದಿಯಿಂದ ಆ ತುದಿಯವರೆಗೂ ಬಿಚ್ಚಿಕೊಂಡು ಕಾಣುತ್ತದೆ. ಪೂರ್ವಕ್ಕೆ ಕೋಟೆಯ ಲಾಹೋರಿ ದರವಾಜೆ, ಪಶ್ಚಿಮಕ್ಕೆ ಫತೇಪುರಿ ಮಸೀದಿಯ ಗುಮ್ಮಟ. ಷಹಜಹಾನನ ಮಗಳು ಜಹಾನಾರಾ 1650ರ ಹೊತ್ತಿಗೆ ನೆಟ್ಟಗೆ ಎಳೆಸಿದ ಗೆರೆ ಇದು. ಆಗ ಇದರ ನಡುವೆ ಯಮುನೆಯ ನೀರಿನ ಕಾಲುವೆ ಹರಿಯುತ್ತಿತ್ತು; ಈಗಿನ ಟೌನ್‌ಹಾಲಿನ ಎದುರಿಗೆ ದೊಡ್ಡ ಕೊಳವಿತ್ತು, ಅದರಲ್ಲಿ ಬೆಳದಿಂಗಳು ಬಿದ್ದು ಹೊಳೆಯುತ್ತಿತ್ತು. ಕಾಲುವೆ ಹೋಯಿತು, ಕೊಳ ಹೋಯಿತು. ಗೆರೆ ಮಾತ್ರ ಹಾಗೇ ಇದೆ. ಅದನ್ನು ಕಾಣಬೇಕಾದರೆ ಜನ ಏಳುವ ಮೊದಲು ಬರಬೇಕು, ಅದೂ ಸೈಕಲ್ಲಿನ ಮೇಲೆ!

ರಜೆಗೆಂದು ಇಟಲಿಯ ತಸ್ಕನಿಗೆ ಹೋದವರು ವೆಸ್ಪಾ ಸ್ಕೂಟರ್ ಬಾಡಿಗೆಗೆ ಹಿಡಿದು, ಮುಂದೊಬ್ಬ ಗೈಡನ್ನು ಬಿಟ್ಟುಕೊಂಡು, ದ್ರಾಕ್ಷಿ ತೋಟದಿಂದ ದ್ರಾಕ್ಷಿ ತೋಟಕ್ಕೆ ಸುತ್ತಿ ವೈನಿನ ರುಚಿ ನೋಡಿ ಬರುವ ಚಿತ್ರಗಳನ್ನು ಕಂಡು ಆಸೆಪಟ್ಟವಳು ನಾನು. ಅಂಥ ಸವಾರಿ ನಮ್ಮಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಆಗಬಹುದು, ನಾಸಿಕದಲ್ಲಿ ಆಗಬಹುದು. ದಿಲ್ಲಿಯಲ್ಲಿ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಒಂದು ರಾತ್ರಿ ಊಟದ ಹೊತ್ತಿಗೆ, "ಚಿಕ್ಕಮ್ಮ, ನಿಮಗೆ ಸೈಕಲ್ ಹೊಡೆಯೋಕೆ ಇನ್ನೂ ಬರುತ್ತಲ್ವಾ?" ಅಂದ. "ಬರದೆ ಏನೋ, ಹೈಸ್ಕೂಲಿಗೆ ಅದರಲ್ಲೇ ಹೋಗ್ತಿದ್ದೆ," ಅಂದೆ. "ಹಂಗಾದ್ರೆ ನಾಳೆ ಐದಕ್ಕೆ ಎದ್ದೇಳಿ." ಅಷ್ಟೇ ಮಾತು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಳೇ ದಿಲ್ಲಿಯ ಗಲ್ಲಿಗಳಲ್ಲಿ ಗೈಡಿನ ಹಿಂದೆ ಸೈಕಲ್ ತುಳಿಯುವ ಈ ಬೆಳಗಿನ ಸುತ್ತಾಟಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು ನೆದರ್‌ಲ್ಯಾಂಡ್ಸ್‌ನ ಪತ್ರಕರ್ತ ಜ್ಯಾಕ್ ಲೀನಾರ್ಸ್. ಸೈಕಲ್ಲಿನ ನಾಡಿನಿಂದ ಬಂದ ಆ ಮನುಷ್ಯ ದಿಲ್ಲಿಯ ಟ್ರಾಫಿಕ್ಕು ನೋಡಿಯೂ ಹೆದರದೆ 'ಡೆಲ್ಲಿ ಬೈ ಸೈಕಲ್' ಕಟ್ಟಿದರು. ಅವರ ಉಪಾಯ ಸರಳ: ಊರು ಏಳುವ ಮೊದಲು ಹೊರಡುವುದು. ಸ್ಕೂಟರಿಗಿಂತ ಸೈಕಲ್ಲೇ ಇಲ್ಲಿಗೆ ಸರಿ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಗಲ್ಲಿಯಲ್ಲಿ ಎಂಜಿನ್ನಿನ ಸದ್ದು ಯಾಕೆ? ಸೈಕಲ್ಲಿನ ಮೇಲೆ ಕೂತರೆ ಮನೆಯೊಳಗಿನ ಕುಕ್ಕರಿನ ಸೀಟಿ ಕೇಳುತ್ತದೆ, ಚಹಾದಲ್ಲಿ ಕುದಿಯುವ ಶುಂಠಿಯ ವಾಸನೆ ಬರುತ್ತದೆ, ಬಾಗಿಲ ಸಂದಿಯಲ್ಲಿ ಇಣುಕುವ ಮಗುವಿಗೆ ಬೆಲ್ಲು ಬಾರಿಸಬಹುದು!

ತುರ್ಕಮಾನ್ ಗೇಟಿನ ಹತ್ತಿರದಿಂದ ಹೊರಟೆವು. ಷಹಜಹಾನನ ಊರಿಗಿದ್ದ ಹೆಬ್ಬಾಗಿಲುಗಳಲ್ಲಿ ಇಂದಿಗೂ ನಿಂತಿರುವ ಕೆಲವೇ ಕೆಲವುಗಳಲ್ಲಿ ಇದೊಂದು. ಒಳಗೆ ನುಗ್ಗಿದ ಕೂಡಲೇ ಗೈಡು, ಇದೇ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗ, ಸೈಕಲ್ ನಿಲ್ಲಿಸಿ ಬುಲ್‌ಬುಲಿ ಖಾನಾದ ಕಡೆ ಕೈ ತೋರಿಸಿದ. ಅಲ್ಲಿ, ಮನೆಗಳ ನಡುವೆ, ಮೇಲೆ ಸೂರೂ ಇಲ್ಲದ ಅಂಗಳದಲ್ಲಿ ರಜಿಯಾ ಸುಲ್ತಾನಳ ಸಮಾಧಿಯಿದೆ. ಹದಿಮೂರನೆಯ ಶತಮಾನದಲ್ಲಿ ದಿಲ್ಲಿಯ ಸಿಂಹಾಸನದ ಮೇಲೆ ಕೂತ ಹೆಣ್ಣು! ಷಹಜಹಾನ ಇಲ್ಲಿ ಊರು ಕಟ್ಟುವ ನಾನೂರು ವರ್ಷ ಮೊದಲೇ ಆಕೆ ಇಲ್ಲಿ ಮಣ್ಣಾಗಿದ್ದಳು. ಊರು ಆಕೆಯ ಸುತ್ತ ಬೆಳೆಯಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತೆ. ಪಕ್ಕದ ಮನೆಯ ಕಿಟಕಿಯಲ್ಲಿ ರೇಡಿಯೋ ಹಾಡುತ್ತಿತ್ತು.

ಅಲ್ಲಿಂದ ಸೀತಾರಾಂ ಬಜಾರ್. ಜವಾಹರಲಾಲ್ ನೆಹರೂ 1916ರಲ್ಲಿ ಮದುವೆಯಾದ ಕಮಲಾ ಕೌಲ್ ಈ ಬಜಾರಿನ ಹುಡುಗಿ. ಇನ್ನೊಂದು ತಿರುವು, ಚಾವಡಿ ಬಜಾರ್. ಹಗಲಿನಲ್ಲಿ ಕಾಗದದ ಬಂಡಲ್ಲು, ಲಗ್ನಪತ್ರಿಕೆ, ಹಿತ್ತಾಳೆ ಸಾಮಾನಿನ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಈಗ ಮಾತ್ರ ನಾವು ಸಾಲಾಗಿ, ಬ್ರೇಕು ಹಿಡಿಯದೆ, ಗಾಳಿ ಕುಡಿಯುತ್ತ ಹೋಗುತ್ತಿದ್ದೇವೆ. ಮೇಲೆ ನೋಡಿದರೆ ಕೊರೆದ ಕಲ್ಲಿನ ಜಾಲಂಧ್ರಗಳು, ಕಬ್ಬಿಣದ ಹೂಬಳ್ಳಿಯ ಕಟಕಟೆಗಳು! ತಲೆ ಎತ್ತಿ ನೋಡುವ ಪುರುಸೊತ್ತು ಇಲ್ಲಿ ಹಗಲಿನಲ್ಲಿ ಯಾರಿಗಿದೆ? ಅಂಗಡಿಯ ಬೋರ್ಡುಗಳ ಮೇಲುಗಡೆ ಒಂದು ಇಡೀ ಊರು ಇದೆ. ಅಲ್ಲೇ ಒಬ್ಬ ಮುದುಕ ಮಾಳಿಗೆಯ ಅಂಚಿನಲ್ಲಿ ನಿಂತು ಉದ್ದನೆಯ ಕೋಲು ಬೀಸಿ "ಆವ್, ಆವ್" ಎಂದು ಕೂಗುತ್ತಿದ್ದ. ಆ ಕೂಗಿಗೆ ನೂರಾರು ಪಾರಿವಾಳಗಳು ಒಂದೇ ಹೊರಳಿಗೆ ಆಕಾಶದಲ್ಲಿ ತಿರುಗಿ ಅವನ ತಲೆಯ ಮೇಲೆ ಬಂದವು. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು.

ಇನ್ನು ಬಳ್ಳಿಮಾರಾನ್. ಇಲ್ಲಿಂದ ದ್ರಾಕ್ಷಿಯ ಕಥೆ ಶುರು.

ಹಗಲಿನಲ್ಲಿ ಕನ್ನಡಕ ಮತ್ತು ಚಪ್ಪಲಿಯ ಅಂಗಡಿಗಳಿಂದ ತುಂಬುವ ಈ ಬೀದಿಯ ಒಳಗೆ ಗಲೀ ಕಾಸಿಮ್ ಜಾನ್ ಎಂಬ ಓಣಿ. ಅದರ ಬಾಯಿಯಲ್ಲೇ ಸಣ್ಣ ಲಖೋರಿ ಇಟ್ಟಿಗೆಯ ಕಮಾನು. ಉರ್ದುವಿನ ಮಹಾಕವಿ ಮಿರ್ಜಾ ಗಾಲಿಬ್ ತನ್ನ ಕೊನೆಯ ವರ್ಷಗಳನ್ನು ಕಳೆದು 1869ರ ಫೆಬ್ರವರಿ 15ರಂದು ಕಣ್ಣು ಮುಚ್ಚಿದ್ದು ಇಲ್ಲಿ. ಮ್ಯೂಸಿಯಂ ತೆರೆಯುವ ಹೊತ್ತಲ್ಲ ಅದು, ಬಾಗಿಲು ಹಾಕಿತ್ತು. ನಾನು ಕಮಾನಿಗೆ ಕೈ ತಾಗಿಸಿ ನಿಂತುಬಿಟ್ಟೆ. ಗಾಲಿಬನಿಗೆ ಎರಡು ಪ್ರಾಣ: ಮಾವು ಮತ್ತು ಮದ್ಯ. ಮೀರತ್ತಿನ ಬ್ರಿಟಿಷ್ ಛಾವಣಿಯಿಂದ ವಿದೇಶಿ ಬಾಟಲಿಗಳನ್ನು ತರಿಸುತ್ತಿದ್ದ ಕಥೆಯನ್ನು ನಮ್ಮ ಗೈಡು ಎಷ್ಟು ಚೆಂದ ಹೇಳಿದನೆಂದರೆ, ಈಗಷ್ಟೇ ಗಾಡಿ ಬಂದು ನಿಂತಿತೇನೋ ಎಂದು ಓಣಿಯ ಕಡೆ ತಿರುಗಿ ನೋಡಿದೆ. 1857ರ ದಂಗೆ ಅಡಗಿದ ಮೇಲೆ ಬ್ರಿಟಿಷ್ ಕರ್ನಲ್ಲನ ಮುಂದೆ ಅವನನ್ನು ನಿಲ್ಲಿಸಿದಾಗ, ನೀನು ಮುಸಲ್ಮಾನನೇ ಎಂಬ ಪ್ರಶ್ನೆಗೆ, ಅರ್ಧ, ಮದ್ಯ ಕುಡಿಯುತ್ತೇನೆ, ಹಂದಿ ತಿನ್ನುವುದಿಲ್ಲ ಎಂದು ಉತ್ತರ ಕೊಟ್ಟನಂತೆ. ಹಾಲಿ ಎಂಬ ಅವನ ಶಿಷ್ಯರೊಬ್ಬರು ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಆ ದಿನಗಳಲ್ಲಿ ಊರಿಗೂರೇ ಲೂಟಿಯಾಗುತ್ತಿದ್ದಾಗ ಈ ಓಣಿ ಉಳಿದದ್ದು ಹೇಗೆ ಗೊತ್ತೇ? ಇಲ್ಲಿದ್ದ ಹಕೀಮರ ಮನೆತನ ಪಟಿಯಾಲದ ಮಹಾರಾಜನ ವೈದ್ಯರು. ಮಹಾರಾಜ ಬ್ರಿಟಿಷರ ಪಕ್ಷದಲ್ಲಿದ್ದ. ಅವನ ಸಿಪಾಯಿಗಳು ಬಂದು ಓಣಿಗೆ ಕಾವಲು ನಿಂತರು. ನಾಡಿ ಹಿಡಿಯುವವರು ಪಕ್ಕದ ಮನೆಯಲ್ಲಿದ್ದುದರಿಂದ ಕವಿಯ ತಲೆ ಉಳಿಯಿತು! ಅದೇ ಮನೆತನದಲ್ಲಿ ಮುಂದೆ ಹುಟ್ಟಿದವರು ಹಕೀಮ್ ಅಜ್ಮಲ್ ಖಾನ್, 1921ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದವರು, ಜಾಮಿಯಾ ಮಿಲಿಯಾ ಕಟ್ಟಿದವರಲ್ಲಿ ಒಬ್ಬರು. ಅವರ ಷರೀಫ್ ಮಂಜಿಲ್ ಕೂಡ ಇಲ್ಲೇ, ಕೂಗಳತೆಯಲ್ಲಿ. ಒಂದು ಪೆಡಲ್ಲಿಗೆ ಒಬ್ಬ ಕವಿ, ಇನ್ನೊಂದು ಪೆಡಲ್ಲಿಗೆ ಒಬ್ಬ ಹಕೀಮ!

ದ್ರಾಕ್ಷಿಯ ಕಥೆಗೆ ಇನ್ನೂ ಹಿಂದಕ್ಕೆ ಹೋಗಬೇಕು. ಇಂದು ದಿಲ್ಲಿಯ ರಾಜಧಾನಿ ವಲಯದೊಳಗೇ ಬರುವ ಪಾಣಿಪತ್ತಿನಲ್ಲಿ 1526ರಲ್ಲಿ ಯುದ್ಧ ಗೆದ್ದ ಬಾಬರ್, ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಮೇಲೆ ಹೊರಿಸಿದ ದೊಡ್ಡ ದೂರುಗಳಲ್ಲಿ ಒಂದು, ಇಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಖರಬೂಜವಿಲ್ಲ ಎಂಬುದು. ದೇಶ ಗೆದ್ದವನಿಗೆ ದ್ರಾಕ್ಷಿಯ ಚಿಂತೆ! ಸುಮ್ಮನೆ ಕೂರಲಿಲ್ಲ, ಆಗ್ರಾದ ತನ್ನ ತೋಟದಲ್ಲಿ ನೆಡಿಸಿದ. ಬಳ್ಳಿ ಹಣ್ಣು ಬಿಟ್ಟಾಗ ಖುಷಿಪಟ್ಟು ಬರೆದುಕೊಂಡ. 1527ರಲ್ಲಿ ರಾಣಾ ಸಂಗನ ಎದುರು ಯುದ್ಧಕ್ಕೆ ಇಳಿಯುವ ಮೊದಲು ಕುಡಿತ ಬಿಡುವ ಶಪಥ ಮಾಡಿ ಬಂಗಾರ ಬೆಳ್ಳಿಯ ಬಟ್ಟಲುಗಳನ್ನು ಒಡೆಸಿದ. ದ್ರಾಕ್ಷಿಯ ಮೇಲಿನ ಆಸೆ ಮಾತ್ರ ಮೊಗಲರಿಗೆ ತಲೆಮಾರುಗಳವರೆಗೂ ಹೋಗಲಿಲ್ಲ. ಕಾಬೂಲಿನಿಂದ, ಕಂದಹಾರದಿಂದ ಒಂಟೆಗಳ ಮೇಲೆ ಹಣ್ಣು ಬರುತ್ತಿತ್ತು, ಬಾಡಿದರೆ ಒಣಗಿ ಬರುತ್ತಿತ್ತು. ಆ ದಾರಿ ಬಂದು ಮುಟ್ಟುವ ಜಾಗವನ್ನು ನಾನು ಇನ್ನೇನು ಕಾಣುವವಳಿದ್ದೆ.

ಅದಕ್ಕೆ ಮೊದಲು ಲಾಲ್ ಕುವಾಂ. ಈ ಆಸುಪಾಸಿನಲ್ಲೇ 1906ರಲ್ಲಿ ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ಹಮ್‌ದರ್ದ್ ದವಾಖಾನೆ ತೆರೆದರು. ದಿಲ್ಲಿಯ ಬಿಸಿಲಿಗೆ ಬಾಡಿ ಬರುವವರಿಗೆಂದು ಹೂವು, ಹಣ್ಣು, ಬೇರು, ಸಕ್ಕರೆ ಪಾಕ ಸೇರಿಸಿ ಅವರು ಮಾಡಿದ ಕೆಂಪು ಶರಬತ್ತಿನ ಹೆಸರು ರೂಹ್ ಅಫ್ಜಾ! ನಮ್ಮ ಬೀದರ್, ಕಲಬುರಗಿ, ಹುಬ್ಬಳ್ಳಿ, ಬೆಂಗಳೂರಿನ ಶಿವಾಜಿನಗರ, ಎಲ್ಲೆಲ್ಲಿ ರಂಜಾನ್ ತಿಂಗಳ ಸಂಜೆ ಇಫ್ತಾರಿನ ಹಾಸು ಹಾಸುತ್ತಾರೋ ಅಲ್ಲೆಲ್ಲ ನಿಂತಿರುವ ಆ ಬಾಟಲಿಯ ಊರು ಇದು. ಹಾಫಿಜ್ ಸಾಹೇಬರು 1922ರಲ್ಲಿ ತೀರಿಕೊಂಡಾಗ ಮಕ್ಕಳು ಚಿಕ್ಕವರು; ಹೆಂಡತಿ ರಾಬಿಯಾ ಬೇಗಂ ದವಾಖಾನೆಯನ್ನು ಬೀಳಗೊಡಲಿಲ್ಲ. ದೇಶ ಒಡೆದ ಮೇಲೆ ಹಿರಿಯ ಮಗ ಅಬ್ದುಲ್ ಹಮೀದ್ ದಿಲ್ಲಿಯಲ್ಲೇ ಉಳಿದರು, ಕಿರಿಯ ಮಗ ಮಹಮ್ಮದ್ ಸಯೀದ್ ಕರಾಚಿಗೆ ಹೋಗಿ 1948ರಲ್ಲಿ ಅಲ್ಲೊಂದು ಹಮ್‌ದರ್ದ್ ಕಟ್ಟಿದರು. ಗಡಿಯ ಎರಡೂ ಕಡೆ ಒಂದೇ ಹೆಸರಿನ ಶರಬತ್ತು, ಒಂದೇ ತಾಯಿಯ ಮಕ್ಕಳ ಕೈಯಿಂದ. ವೈನಿನ ಊರುಗಳಿಗೆ ಹೋದವರು ಇಂಥ ದ್ರಾಕ್ಷಿ, ಇಂಥ ವರ್ಷ, ಇಂಥ ಮನೆತನ ಎಂದು ಭಕ್ತಿಯಿಂದ ಹೇಳುತ್ತಾರಲ್ಲ, ಅದಕ್ಕಿಂತ ಇದು ಯಾವುದರಲ್ಲಿ ಕಡಿಮೆ?

ಲಾಲ್ ಕುವಾಂ ದಾಟಿದ್ದೇ ತಡ, ಮೂಗು ಉರಿಯಿತು. ಗಂಟಲು ಕೆರೆಯಿತು. ಮುಂದಿದ್ದವರು ಸೀನಿದರು, ಹಿಂದಿದ್ದವರು ಸೀನಿದರು, ನಾನು ಹ್ಯಾಂಡಲ್ ಬಿಟ್ಟು ಸೀನಿದೆ. ಖಾರೀ ಬಾವಲಿ!

ಏಷ್ಯಾದಲ್ಲೇ ದೊಡ್ಡ ಮಸಾಲೆಯ ಸಗಟು ಪೇಟೆ ಎಂದು ಓದಿದ್ದೆ. ಓದಿದ್ದು ಯಾವ ಲೆಕ್ಕಕ್ಕೂ ಇಲ್ಲ. ಷಹಜಹಾನನಿಗಿಂತಲೂ ಮೊದಲು, ಇಸ್ಲಾಂ ಶಾಹ್ ಸೂರಿಯ ಕಾಲದಲ್ಲಿ, ಇಲ್ಲೊಂದು ಉಪ್ಪುನೀರಿನ ಮೆಟ್ಟಿಲು ಬಾವಿ ತೋಡಿದ್ದರು, ದನಕರುಗಳಿಗೆ, ಸ್ನಾನಕ್ಕೆ. ಬಾವಿ ಈಗ ಕಾಣುವುದಿಲ್ಲ. ಅದರ ಮೇಲೆ, ಸುತ್ತ, ಒಳಗೆ, ಎಲ್ಲ ಕಡೆ ಚೀಲಗಳು. ಬೆಳಗಿನ ಈ ಹೊತ್ತಿಗೆ ವ್ಯಾಪಾರಿಗಳ ಗದ್ದಿಗೆ ಖಾಲಿ. ಆದರೆ ಸರಕು ಏಳುತ್ತಿದೆ. ಪಲ್ಲೇದಾರರು, ಅಂದರೆ ಇಲ್ಲಿನ ಹಮಾಲರು, ಬೆನ್ನಿನ ಮೇಲೆ ಚೀಲವಿಟ್ಟು ಓಡುತ್ತಿದ್ದಾರೆ, ನಡೆಯುವುದಿಲ್ಲ, ಓಡುತ್ತಾರೆ! ಉದ್ದನೆಯ ತಳ್ಳುಗಾಡಿಗಳಲ್ಲಿ ಅರಿಶಿನದ ಕೊಂಬು, ಧನಿಯಾ, ಲವಂಗ, ಚಕ್ಕೆ, ಬೆಟ್ಟದಷ್ಟು ಒಣಮೆಣಸಿನಕಾಯಿ. "ಹಟೋ, ಹಟೋ, ಬಚ್ ಕೇ ಬೆಹೆನ್‌ಜೀ!" ನಾವು ಸೈಕಲ್ಲಿಂದ ಇಳಿದು ಗೋಡೆಗೆ ಅಂಟಿಕೊಂಡೆವು.

ಗೈಡು ನಮ್ಮನ್ನು ಗದೋದಿಯಾ ಮಾರ್ಕೆಟ್ಟಿನೊಳಗೆ ಕರೆದುಕೊಂಡು ಹೋದ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಸೇಠ್ ಲಕ್ಷ್ಮೀನಾರಾಯಣ ಗದೋದಿಯಾ ಕಟ್ಟಿಸಿದ ಅಂಗಳದ ಕಟ್ಟಡ. ನಡುವೆ ಚೌಕ, ಸುತ್ತ ಗೋದಾಮು, ಮೂಲೆಯಲ್ಲಿ ಕತ್ತಲೆಯ ಮೆಟ್ಟಿಲು. ಆ ಮೆಟ್ಟಿಲುಗಳ ಮೇಲೆ ಮೆಣಸಿನಕಾಯಿಯ ಧೂಳು ಗೋಡೆಗೇ ಹತ್ತಿಕೊಂಡಿದೆ. ವರ್ಷಗಟ್ಟಲೆ ಹೊತ್ತವರ ಭುಜ ಉಜ್ಜಿ ಉಜ್ಜಿ ಕಲ್ಲು ನುಣ್ಣಗಾಗಿದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಿಗೆ ಸೆರಗು. ಹಾಗೇ ಹತ್ತಿ ಮಾಳಿಗೆಗೆ ಬಂದರೆ, ಅಬ್ಬಾ! ಒಂದು ಕಡೆ ಫತೇಪುರಿ ಮಸೀದಿಯ ಅಂಗಳ, ಷಹಜಹಾನನ ರಾಣಿ ಫತೇಪುರಿ ಬೇಗಂ 1650ರಲ್ಲಿ ಕಟ್ಟಿಸಿದ್ದು. ಇನ್ನೊಂದು ಕಡೆ ಕೆಂಪುಕೋಟೆಯತ್ತ ಓಡುವ ನೇರ ಬೀದಿ. ದೂರಕ್ಕೆ ಮಂಜಿನಲ್ಲಿ ಜಾಮಾ ಮಸೀದಿಯ ಮಿನಾರುಗಳು. ಕೆಳಗೆ ಅಂಗಳದ ತುಂಬ ಕೆಂಪು, ಹಳದಿ, ಕಂದು ಚೀಲಗಳು.

ಮಾಳಿಗೆಯಿಂದ ಇಳಿದು ಬರುವಾಗ ಒಂದು ಗೋದಾಮಿನ ಬಾಗಿಲಲ್ಲಿ ನಿಂತೆ. ಸುಕ್ಕು ಸುಕ್ಕಾದ, ಉದ್ದನೆಯ, ಕಡುಗೆಂಪು ಮೆಣಸಿನಕಾಯಿ. ಕೈಗೆತ್ತಿಕೊಂಡು ಮೂಸಿದೆ. ಈ ವಾಸನೆ ನನಗೆ ಗೊತ್ತು! "ಇದು ಎಲ್ಲಿಯದು?" ಎಂದು ಹಿಂದಿಯಲ್ಲಿ ಕೇಳಿದೆ. ಅಲ್ಲಿದ್ದ ಹಿರಿಯರು ತಲೆಯೆತ್ತದೆ, "ಬ್ಯಾಡ್ಗೀ, ಕರ್ನಾಟಕ," ಅಂದರು. ನಾನು ಅಲ್ಲೇ ಕುಣಿಯುವುದೊಂದು ಬಾಕಿ! ಹಾವೇರಿ ಜಿಲ್ಲೆಯ ಬ್ಯಾಡಗಿ, ಎರಡು ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ದೂರ ಪ್ರಯಾಣ ಮಾಡಿ, ಮೊಗಲರ ಊರಿನ ಉಪ್ಪುಬಾವಿಯ ಮೇಲೆ ಬಂದು ಕೂತಿದೆ. ಖಾರ ಕಡಿಮೆ, ಬಣ್ಣ ಅಪಾರ ಎಂಬ ಗುಣಕ್ಕೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಇದು. ನಾನು ಕರ್ನಾಟಕದವಳು ಎಂದೊಡನೆ ಆ ಹಿರಿಯರು ಎದ್ದು ಸ್ಟೂಲು ಹಾಕಿದರು. "ಬೈಠಿಯೇ, ಬೈಠಿಯೇ. ಡಬ್ಬಿ ಬೇಕೋ ಕಡ್ಡಿ ಬೇಕೋ?" ಡಬ್ಬಿ, ಕಡ್ಡಿ! ಬ್ಯಾಡಗಿಯ ಎರಡು ತಳಿಗಳ ಹೆಸರು, ಯಾವತ್ತೂ ತುಂಗಭದ್ರೆಯ ಈಚೆ ದಂಡೆ ಕಾಣದವರ ಬಾಯಲ್ಲಿ ಅಚ್ಚ ಕನ್ನಡದಲ್ಲಿ!

ಆಮೇಲೆ ನನ್ನ ಕಣ್ಣು ಮನೆಯ ಸಾಮಾನುಗಳನ್ನೇ ಹುಡುಕತೊಡಗಿತು. ಕಾಳುಮೆಣಸು? ಕೊಡಗು, ಚಿಕ್ಕಮಗಳೂರು, ಈಚಿನ ವರ್ಷಗಳಲ್ಲಿ ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ನಮ್ಮದೇ. ಅಡಿಕೆ? ಮಲೆನಾಡಿನ ಕೆಂಪಡಿಕೆಗೆ ಗಿರಾಕಿಗಳಿರುವುದೇ ಉತ್ತರದ ಪಾನ್ ಮಸಾಲೆಯವರಲ್ಲಿ. ಮತ್ತೆ ಒಣದ್ರಾಕ್ಷಿ. ಹಾಂ, ಒಣದ್ರಾಕ್ಷಿ!

ಫತೇಪುರಿಯ ಮಗ್ಗುಲಲ್ಲಿ ಒಣಹಣ್ಣುಗಳ ಅಂಗಡಿಗಳ ಸಾಲು. ಮೊದಲು ಬಾಗಿಲೆತ್ತಿದ ಒಂದರ ಮುಂದೆ ಗೈಡು ನಮ್ಮನ್ನು ನಿಲ್ಲಿಸಿದ. ಹಸಿರು ಕಿಶ್‌ಮಿಶ್, ಬೀಜವಿರುವ ಕಪ್ಪು ಮುನಕ್ಕಾ, ಹೆಬ್ಬೆರಳಿನಷ್ಟು ದಪ್ಪದ ಆಬ್‌ಜೋಶ್. ಒಂದೊಂದೇ ಅಂಗೈಗೆ ಹಾಕಿ, ತಿನ್ನಿ, ರುಚಿ ಹೇಳಿ ಎಂದರು ಅಂಗಡಿಯವರು. ಮೊದಲನೆಯದರಲ್ಲಿ ಹುಳಿ ಮುಂದಾಗಿ ಸಿಹಿ ಹಿಂದೆ ಬಂತು. ಎರಡನೆಯದು ಮಣ್ಣಿನ, ಹೊಗೆಯ, ಔಷಧದ ರುಚಿ. ಮೂರನೆಯದು ಬಾಯಲ್ಲಿ ಜೇನಾಗಿ ಕರಗಿತು, ಅಫ್ಘಾನಿಸ್ತಾನದ್ದು. ಬಾಬರ್ ಹಂಬಲಿಸಿದ್ದು ಇದಕ್ಕೇ! ಇದಾವ ವೈನ್ ರುಚಿ ನೋಡುವ ಮೇಜಿಗೆ ಕಡಿಮೆ? ಹೊಂಬಣ್ಣದ ಇನ್ನೊಂದು ರಾಶಿ ತೋರಿಸಿ, ಇದು ಇಲ್ಲಿಯದೇ, ದಖ್ಖನ್ನಿನದು ಎಂದರು. ವಿಜಯಪುರ, ಅಥಣಿ, ಜಮಖಂಡಿ, ಗಡಿಯಾಚೆಯ ಸಾಂಗ್ಲಿ, ತಾಸಗಾಂವ್. ಆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೇಸಿಗೆಯ ಮುಂಚೆ ಗೊನೆಗಳನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ ತೆಗೆದು, ನೆರಳಿನ ಶೆಡ್ಡಿನಲ್ಲಿ ಹಂತ ಹಂತವಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಎರಡು ವಾರ ಬಿಸಿಗಾಳಿ ಬೀಸಿದರೆ ಮಣೂಕ ತಯಾರು; ನಡುವೆ ಅಕಾಲದ ಮಳೆ ಬಿದ್ದರೆ ಇಡೀ ವರ್ಷದ ದುಡಿಮೆ ಕಪ್ಪಾಗುತ್ತದೆ. ನೀರಿಗೆ ಬಾಯಾರಿದ ಆ ಕಪ್ಪು ಮಣ್ಣಿನಲ್ಲಿ ಬಳ್ಳಿ ಎಬ್ಬಿಸಿದ ರೈತರ ಹಣ್ಣು ಕಂದಹಾರದ ಹಣ್ಣಿನ ಪಕ್ಕದಲ್ಲೇ ಕೂತಿದೆ, ಫತೇಪುರಿ ಬೇಗಂ ಮಸೀದಿಯ ನೆರಳಲ್ಲಿ. ಎರಡೂ ಒಂದೊಂದು ಮುಷ್ಟಿ ಕಟ್ಟಿಸಿಕೊಂಡೆ.

ಅಲ್ಲಿಂದ ಚಾಂದನಿ ಚೌಕದ ಉದ್ದಕ್ಕೂ ಒಂದೇ ಓಟ. ಬಲಗಡೆ ಸುನೇರಿ ಮಸೀದಿ. 1739ರಲ್ಲಿ ನಾದಿರ್ ಶಾಹ್ ಇಲ್ಲಿ ಕೂತು ಊರಿನ ಕಗ್ಗೊಲೆ ನಡೆಸಿದ. ಅದಕ್ಕೆ ಅಂಟಿಕೊಂಡೇ ಸೀಸ್‌ಗಂಜ್ ಗುರುದ್ವಾರ. ಗುರು ತೇಗ್ ಬಹಾದೂರರ ಶಿರಚ್ಛೇದ 1675ರಲ್ಲಿ ಆದ ಜಾಗ. ಒಳಗಿನಿಂದ ಕೀರ್ತನೆ ಬೀದಿಗೆ ಹರಿಯುತ್ತಿತ್ತು. ಮುಂದೆ ಕೋಟೆಯ ಎದುರಿಗೆ ಜೈನರ ಲಾಲ್ ಮಂದಿರ, ಅದರ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಉಚಿತ ಆಸ್ಪತ್ರೆ, ಪಕ್ಕದಲ್ಲೇ ಗೌರೀಶಂಕರ ದೇವಸ್ಥಾನ, ಹತ್ತಿರದಲ್ಲೇ ಬ್ಯಾಪ್ಟಿಸ್ಟ್ ಚರ್ಚು. ಒಂದೇ ಬೀದಿ! ಇವೆಲ್ಲವೂ ಒಂದೇ ಬೀದಿಯಲ್ಲಿ, ಉಸಿರು ಹತ್ತದಂತೆ ಸೈಕಲ್ ತುಳಿಯಬಹುದಾದಷ್ಟು ದೂರದಲ್ಲಿ.

ಕಿನಾರಿ ಬಜಾರಿನ ಒಳಗೆ ನೌಘರಾ ಎಂಬ ಮುಚ್ಚಿದ ಓಣಿಯಿದೆ. ಒಂಬತ್ತು ಮನೆ, ಬಣ್ಣ ಬಣ್ಣದ ಹೂಬಳ್ಳಿ ಬರೆದ ಬಾಗಿಲುಗಳು, ಕೊನೆಗೊಂದು ಜೈನ ಬಸದಿ. ಹೊರಗೆ ಲಕ್ಷ ಜನರ ಸಂತೆ ನಡೆದರೂ ಇಲ್ಲಿಗೆ ಸದ್ದು ಬರುವುದಿಲ್ಲವಂತೆ. ಓಣಿಯ ಬಾಯಲ್ಲಿ ಒಬ್ಬಾತ ಬಿದಿರಿನ ಎತ್ತರದ ಸ್ಟ್ಯಾಂಡಿನ ಮೇಲೆ ಹರಿವಾಣ ಇಟ್ಟು, ಮಲ್‌ಮಲ್ ಬಟ್ಟೆ ಮುಚ್ಚಿಕೊಂಡು ನಿಂತಿದ್ದ. ದೌಲತ್ ಕೀ ಚಾಟ್! ಹೆಸರು ಕೇಳಿ ಹುಣಸೆಹುಳಿ, ಸೇವು, ಈರುಳ್ಳಿ ಎಂದುಕೊಳ್ಳಬೇಡಿ. ಚಳಿಗಾಲದ ರಾತ್ರಿ ಕೆನೆಹಾಲನ್ನು ಬಯಲಲ್ಲಿ, ಇಬ್ಬನಿಯಡಿ ಇಡುತ್ತಾರೆ. ನಸುಕಿಗೆ ಕಡೆಗೋಲು ಹಾಕಿ ಕಡೆಯುತ್ತಾರೆ. ಮೇಲೆದ್ದ ನೊರೆಯನ್ನು ಮಾತ್ರ ಮೆತ್ತಗೆ ಎತ್ತಿ ಹರಿವಾಣದಲ್ಲಿ ಪೇರಿಸುತ್ತಾರೆ, ಕೇಸರಿ, ಪಿಸ್ತಾ, ಬೂರಾ ಸಕ್ಕರೆ ಉದುರಿಸುತ್ತಾರೆ. ಬಾಯಿಗಿಟ್ಟರೆ ಇದೆ, ಕಚ್ಚಲು ಹೋದರೆ ಇಲ್ಲ! ಬಿಸಿಲೇರಿದರೆ ನೊರೆ ಕುಸಿಯುತ್ತದೆ, ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಯಲ್ಲಷ್ಟೇ ಇದರ ವ್ಯಾಪಾರ. ಕಾಶಿಯಲ್ಲಿ ಇದರ ಬಂಧು ಮಲೈಯೋ, ಲಖನೌದಲ್ಲಿ ಮಖ್ಖನ್ ಮಲಾಯಿ. ದೊನ್ನೆ ಖಾಲಿಯಾಯಿತು. ಇನ್ನೊಂದು ಕೇಳಿದೆ.

ಸುತ್ತಾಟ ಮುಗಿಯುವುದು ಜಾಮಾ ಮಸೀದಿಯ ಹತ್ತಿರ. ಮಾಂಸ ತಿನ್ನುವವರು ಕರೀಮ್ಸ್ ಕಡೆ ನಡೆದರು. 1913ರಿಂದ ನಡೆಯುತ್ತಿರುವ ಹೋಟೆಲು, ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ನಿಹಾರಿ ಬೆಳಗಿನ ತಿಂಡಿ. ನಾನೂ ಅಕ್ಕನ ಮಗನೂ ಉದ್ದಿನ ಹೂರಣದ ಬೇಡ್ಮೀ ಪೂರಿ, ಹಿಂಗು ಹಾಕಿದ ಆಲೂಗಡ್ಡೆ ರಸ, ಕೊನೆಗೆ ನಾಗೋರಿ ಹಲ್ವಾ ತಿಂದೆವು. "ಹೆಂಗಿತ್ತು ಚಿಕ್ಕಮ್ಮ?" ಅಂದ. ಬಾಯಿ ತುಂಬಿತ್ತು, ತಲೆಯಾಡಿಸಿದೆ.

ಮಧ್ಯಾಹ್ನ ಒಬ್ಬಳೇ ನಡೆದು ದರೀಬಾ ಕಲಾಂಗೆ ಮರಳಿದೆ, ಅಲ್ಲಿನ ಅತ್ತರಿನ ಅಂಗಡಿ ನೋಡಲೇಬೇಕಿತ್ತು. ಗುಲಾಬ್ ಸಿಂಗ್ ಜೋಹ್ರಿಮಲ್, 1816ರಿಂದ ಇದೇ ವ್ಯಾಪಾರ. ಕಟ್ ಗ್ಲಾಸಿನ ಸೀಸೆಗಳ ಸಾಲು, ಗುಲಾಬಿ, ಕೇವಡಾ, ಖಸ್, ಮೊದಲ ಮಳೆಯ ಮಣ್ಣಿನ ವಾಸನೆಯ ಮಿಟ್ಟಿ ಅತ್ತರು. ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆ ಹಬೆಯನ್ನು ಬಿದಿರಿನ ಕೊಳವೆಯಿಂದ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಕಾದು ಕೂತಿರುವುದು ಏನು? ಗಂಧದೆಣ್ಣೆ! ಹೂವಿನ ಪರಿಮಳವನ್ನು ಹಿಡಿದಿಡುವ ಶಕ್ತಿ ಅದಕ್ಕಿದೆ. ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆದದ್ದು, ನಮ್ಮ ಕಾಡಿನ ಮರ ಉತ್ತರದ ಗುಲಾಬಿಯನ್ನು ಹೊತ್ತುಕೊಂಡು ಲೋಕ ಸುತ್ತಿದ್ದು, ಎಲ್ಲ ನೆನಪಾಯಿತು. ಗಂಧದ ಮರ ಅಪರೂಪವಾದ ಮೇಲೆ ಬೇರೆ ಎಣ್ಣೆಗಳನ್ನೂ ಬಳಸುತ್ತಾರೆ; ಗಂಧದೆಣ್ಣೆಯ ಮೇಲೆ ಇಳಿಸಿದ ಅತ್ತರಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಣಿಕಟ್ಟಿಗೆ ಒಂದೇ ಹನಿ ಹಚ್ಚಿದರು. ಮೂರನೆಯ ದಿನ ಸ್ವೆಟರಿನ ತೋಳಿನಲ್ಲಿ ಅದಿನ್ನೂ ಇತ್ತು.

ಹೋಗುವವರಿಗೆ ಕೆಲವು ಮಾತು. 2021ರಲ್ಲಿ ಹೊಸದಾಗಿ ಕೆಂಪು ಕಲ್ಲು ಹಾಸಿ ತೆರೆದ ಮೇಲೆ ಚಾಂದನಿ ಚೌಕದ ಮುಖ್ಯ ಬೀದಿಗೆ ಬೆಳಗಿನ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ಬಿಡುವುದಿಲ್ಲ. ಆ ಹೊತ್ತಿಗೆ ಜನವೇ ಬೀದಿಯನ್ನು ತುಂಬಿರುತ್ತಾರೆ, ಸೈಕಲ್ಲಿಗೂ ಜಾಗವಿರುವುದಿಲ್ಲ. ಆದ್ದರಿಂದ ಸೂರ್ಯೋದಯಕ್ಕೆ ಅಲ್ಲಿರಿ. ಖಾರೀ ಬಾವಲಿಗೆ ಭಾನುವಾರ ರಜೆ, ಕೆಂಪುಕೋಟೆಗೂ ಗಾಲಿಬನ ಮನೆಗೂ ಸೋಮವಾರ. ನವೆಂಬರಿನ ಹೊಗೆಯಲ್ಲಿ ಸೈಕಲ್ ಬೇಡ, ದಮ್ಮು ಇರುವವರಂತೂ ಬೇಡವೇ ಬೇಡ. ಫೆಬ್ರವರಿಯ ಮೊದಲ ವಾರಗಳು ಚೆನ್ನ, ದೌಲತ್ ಕೀ ಚಾಟ್ ಕೂಡ ಸಿಗುತ್ತದೆ. ಕರವಸ್ತ್ರ ಮರೆಯಬೇಡಿ. ಸೈಕಲ್ ಬಾರದವರು ಸೈಕಲ್ ರಿಕ್ಷಾ ಹಿಡಿಯಿರಿ, ತುಳಿಯುವವನ ಜೊತೆ ಚೌಕಾಸಿ ಮಾಡಬೇಡಿ. ಪಲ್ಲೇದಾರರಿಗೆ ಮೊದಲು ದಾರಿ ಬಿಡಿ, ಫೋಟೋ ಆಮೇಲೆ.

ದಿಲ್ಲಿ ದರ್ಶನದ ಬಸ್ಸು ಮಧ್ಯಾಹ್ನವೂ ಸಿಗುತ್ತದೆ, ಮಾರನೆಯ ದಿನವೂ ಸಿಗುತ್ತದೆ. ಒಂದು ಬೆಳಗನ್ನು ಇದಕ್ಕೆ ಕೊಡಿ. ಮಕ್ಕಳು ಗೊಣಗಿದರೂ ಸರಿ, ಐದಕ್ಕೆ ಎಬ್ಬಿಸಿ ಕರೆದುಕೊಂಡು ಹೋಗಿ.